ಕಡ್ಡಿ ಬೊಂಬೆಗಳ ಪುಸ್ತಕಕ್ಕೆ ಓದುಗರೇ ಬಂಡವಾಳ

ಹಾಸ್ಯ ಚಿತ್ರಕಥೆಗಳ ಪುಸ್ತಕವನ್ನು ಪ್ರಕಾಶಕರ ಹಂಗಿಲ್ಲದೆ, ಓದುಗರಿಂದಲೇ ಮುಂಗಡ ಹಣ ಕೂಡಿಸಿ ಅಚ್ಚು ಹಾಕಿಸುವ ಪದ್ಧತಿ ಅಮೆರಿಕದಲ್ಲಿ ಕಳೆದ ಒಂದೂವರೆ ದಶಕದಲ್ಲಿ ಪುಸ್ತಕೋದ್ಯಮದ ಒಂದು ಶಾಖೆಯಾಗಿಯೇ ಬೆಳೆದು ನಿಂತಿದೆ. ಕ್ರೌಡ್‌ಫಂಡಿಂಗ್ ಎಂದು ಕರೆಯಲಾಗುವ ಈ ವ್ಯವಸ್ಥೆಯ ಸಾಮರ್ಥ್ಯವೂ ಅದರ ಅಪಾಯವೂ ಒಟ್ಟಿಗೆ ಕಾಣಿಸಿಕೊಂಡ ಪ್ರಸಂಗವೆಂದರೆ ರಿಚ್ ಬರ್ಲ್ಯೂ ಎಂಬ ಚಿತ್ರಕಾರ 2012ರ ಜನವರಿ ಮತ್ತು ಫೆಬ್ರವರಿಯಲ್ಲಿ ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಎಂಬ ತಮ್ಮ ಚಿತ್ರಕಥೆಯ ಹಳೆಯ ಸಂಪುಟವೊಂದರ ಮರುಮುದ್ರಣಕ್ಕಾಗಿ ನಡೆಸಿದ ಅಭಿಯಾನ. ಅವರು ಕೇಳಿದ್ದು 57,750 ಡಾಲರ್. ಒಂದು ತಿಂಗಳೊಳಗೆ 14,952 ಮಂದಿ ಸೇರಿ ಕೊಟ್ಟದ್ದು 12,54,120 ಡಾಲರ್, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು ಆರು ಕೋಟಿ ರೂಪಾಯಿ. ಕೇಳಿದ್ದಕ್ಕಿಂತ ಇಪ್ಪತ್ತೊಂದು ಪಟ್ಟಿಗೂ ಮೀರಿ ಬಂದ ಈ ಮೊತ್ತ ಆ ದಿನಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಸುದ್ದಿಯ ಗದ್ದಲದಲ್ಲಿ ಹಿಂದೆ ಸರಿದ ಸಂಗತಿಯೊಂದಿದೆ: ಹಣ ಹರಿದು ಬಂದದ್ದು ಆಗಲೇ ಬರೆದು ಮುಗಿಸಿದ್ದ ಕೆಲಸಕ್ಕೆ, ಮುಂದೆ ವರ್ಷಗಟ್ಟಲೆ ಹೊರೆಯಾಗಿ ಉಳಿದದ್ದು ಇನ್ನೂ ಬರೆಯದೆ ಮಾತು ಕೊಟ್ಟಿದ್ದ ಕೆಲಸ.

ಈ ಚಿತ್ರಕಥೆ ಆರಂಭವಾದದ್ದು 2003ರಲ್ಲಿ. ಪತ್ರಿಕೆಯಲ್ಲಿ ಅಲ್ಲದೆ ಅಂತರ್ಜಾಲದಲ್ಲೇ ಕಂತು ಕಂತಾಗಿ, ಓದುಗರಿಂದ ಒಂದು ಕಾಸನ್ನೂ ಪಡೆಯದೆ ಪ್ರಕಟವಾಗುವ ಇಂಥ ಚಿತ್ರಕಥೆಗಳಿಗೆ ವೆಬ್‌ಕಾಮಿಕ್ ಎಂಬ ಹೆಸರಿದೆ. ಇದರ ಪಾತ್ರಗಳೆಲ್ಲ ಕಡ್ಡಿ ಬೊಂಬೆಗಳು. ದುಂಡನೆಯ ತಲೆ, ಗೆರೆಯಂಥ ಕೈಕಾಲು, ಮೇಲೊಂದು ಅಂಗಿ ಇದ್ದರೆ ಆಯಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು 1974ರಲ್ಲಿ ಪ್ರಕಟವಾದ ಆಟ. ಕೆಲವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸಿ ಸಾಹಸಕಥೆಯೊಂದನ್ನು ಒಟ್ಟಾಗಿ ಕಟ್ಟುವುದು ಅದರ ಕ್ರಮ. ಆ ಆಟದ ನಿಯಮಗಳೇ ಪ್ರಕೃತಿ ನಿಯಮಗಳಾಗಿರುವ ಲೋಕದಲ್ಲಿ ಆರು ಮಂದಿ ಸಾಹಸಿಗಳು ಬದುಕುತ್ತಿದ್ದರೆ ಹೇಗಿರುತ್ತದೆ ಎಂಬ ಕಲ್ಪನೆಯಿಂದ ಈ ಹಾಸ್ಯ ಹುಟ್ಟುತ್ತದೆ. ಮೊದಲ ಕಂತಿನಲ್ಲಿಯೇ, ಆ ಆರು ಮಂದಿ ಶತ್ರುಗಳೊಡನೆ ಕಾದಾಡುತ್ತಿರುವಾಗ ಆಟದ ನಿಯಮಪುಸ್ತಕದ ಹೊಸ ಆವೃತ್ತಿ ಜಾರಿಗೆ ಬಂದುಬಿಡುತ್ತದೆ. ಅವರ ಆಯುಧಗಳೂ ಕೌಶಲಗಳೂ ನಿಂತ ನಿಲುವಿನಲ್ಲೇ ಬದಲಾಗುತ್ತವೆ. ಆಟದ ಕಂಪನಿ ಆಗತಾನೆ ಹೊರತಂದಿದ್ದ ಪರಿಷ್ಕೃತ ಆವೃತ್ತಿಯನ್ನು ಕಂಡು ಗೊಣಗುತ್ತಿದ್ದ ಆಟಗಾರರಿಗೆ ಈ ನಗೆ ನೇರವಾಗಿ ತಾಕಿತು. ಬಿಡಿ ಬಿಡಿ ನಗೆಹನಿಗಳಾಗಿ ಶುರುವಾದದ್ದು ಮುಂದೆ ಸತ್ತರೂ ಸಾಯದ ಮಾಂತ್ರಿಕನೊಬ್ಬನನ್ನು ಎದುರಿಸುವ ದೀರ್ಘ ಕಥಾನಕವಾಗಿ ಬೆಳೆಯಿತು.

ಚಿತ್ರ ಸರಳವಾಗಿದ್ದರೆ ಹಾಸ್ಯ ಸೋಲುತ್ತದೆ ಎಂಬ ನಂಬಿಕೆಗೆ ವೆಬ್‌ಕಾಮಿಕ್‌ಗಳ ಜಗತ್ತಿನಲ್ಲಿ ಆಧಾರ ಸಿಗುವುದಿಲ್ಲ. 2003ರಲ್ಲೇ ಆರಂಭವಾದ ರಯಾನ್ ನಾರ್ತ್ ಅವರ ‘ಡೈನೊಸಾರ್ ಕಾಮಿಕ್ಸ್’ನಲ್ಲಿ ಪ್ರತಿ ಕಂತಿನಲ್ಲೂ ಅವೇ ಆರು ಚೌಕಗಳು, ಅವೇ ಡೈನೊಸಾರ್‌ಗಳು, ಅವೇ ಭಂಗಿಗಳು ಇರುತ್ತವೆ, ಬದಲಾಗುವುದು ಮಾತು ಮಾತ್ರ. ಓದುಗರು ವರ್ಷಗಟ್ಟಲೆ ಹಿಂತಿರುಗಿ ಬಂದದ್ದು ಆ ಮಾತಿಗಾಗಿ.

ಉಚಿತವಾಗಿ ಓದಲು ಸಿಗುವ ಚಿತ್ರಕಥೆಯಿಂದ ಚಿತ್ರಕಾರ ಹೊಟ್ಟೆ ಹೊರೆಯುವುದು ಹೇಗೆ ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಇದ್ದ ಮುಖ್ಯ ಉತ್ತರಗಳು ಜಾಹೀರಾತು, ಅಂಗಿಗಳಂಥ ಸರಕುಗಳ ಮಾರಾಟ ಮತ್ತು ಪುಸ್ತಕ. ಬರ್ಲ್ಯೂ ಪುಸ್ತಕವನ್ನು ನೆಚ್ಚಿಕೊಂಡರು, ಅದನ್ನೂ ಬೇರೆ ಪ್ರಕಾಶಕರಿಗೆ ಒಪ್ಪಿಸದೆ ಸ್ವಂತ ಸಂಸ್ಥೆಯ ಹೆಸರಿನಲ್ಲಿಯೇ ಹೊರತಂದರು. ಸ್ವಯಂಪ್ರಕಟಣೆ ಎಂದರೆ ಮುದ್ರಣದ ವೆಚ್ಚ, ದಾಸ್ತಾನು, ಮಾರಾಟ ಎಲ್ಲವನ್ನೂ ಲೇಖಕನೇ ಹೊತ್ತು, ಪ್ರಕಾಶಕನ ಪಾಲಿಗೆ ಹೋಗಬೇಕಾದ ಲಾಭವನ್ನೂ ನಷ್ಟವನ್ನೂ ತಾನೇ ಅನುಭವಿಸುವುದು. ಮೊದಲ ಸಂಪುಟ 2005ರಲ್ಲಿ ಬಂತು. ಅದರಲ್ಲಿ ಮೊದಲ 121 ಕಂತುಗಳಿದ್ದವು. ಉಚಿತವಾಗಿ ಸಿಗುವುದನ್ನು ಯಾರಾದರೂ ಹಣ ಕೊಟ್ಟು ಏಕೆ ಕೊಳ್ಳಬೇಕು ಎಂಬ ಸಂದೇಹಕ್ಕೆ ಅವರು ಎರಡು ಬಗೆಯಲ್ಲಿ ಉತ್ತರಿಸಿದರು: ಪ್ರತಿ ಸಂಪುಟಕ್ಕೂ ಅಂತರ್ಜಾಲದಲ್ಲಿ ಇಲ್ಲದ ಪುಟಗಳನ್ನೂ ತಮ್ಮ ಟಿಪ್ಪಣಿಗಳನ್ನೂ ಸೇರಿಸಿದರು, ಜೊತೆಗೆ, ಮುಖ್ಯ ಕಥೆಗೆ ಮುನ್ನ ನಡೆದ ಘಟನೆಗಳನ್ನು ಹೇಳುವ ಕೆಲವು ಪುಸ್ತಕಗಳನ್ನು ಮುದ್ರಣದಲ್ಲಿ ಮಾತ್ರ ಹೊರತಂದರು.

ಹೀಗೆ ಬೆಳೆದ ಪುಸ್ತಕಮಾಲೆಯೇ ಮುಂದೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿತು. ಬಣ್ಣದ ಪುಸ್ತಕವನ್ನು ಆಫ್‌ಸೆಟ್ ಯಂತ್ರದಲ್ಲಿ ಮುದ್ರಿಸುವಾಗ ನಾಲ್ಕು ಬಣ್ಣಗಳಿಗೆ ನಾಲ್ಕು ಪ್ಲೇಟ್‌ಗಳಂತೆ ಪ್ರತಿ ಫಾರಂಗೂ ಪ್ಲೇಟ್ ಮಾಡಿಸಿ ಯಂತ್ರ ಹೊಂದಿಸುವ ಖರ್ಚು ಮೊದಲೇ ಬೀಳುತ್ತದೆ, ಆ ಖರ್ಚು ನೂರು ಪ್ರತಿ ತೆಗೆದರೂ ಅಷ್ಟೇ, ಐದು ಸಾವಿರ ತೆಗೆದರೂ ಅಷ್ಟೇ. ಆದ್ದರಿಂದ ಪ್ರತಿಯೊಂದರ ವೆಚ್ಚ ಇಳಿಯಬೇಕಾದರೆ ಸಾವಿರಗಟ್ಟಲೆ ಪ್ರತಿಗಳನ್ನು ಒಮ್ಮೆಗೇ ಮುದ್ರಿಸಬೇಕು, ಅದಕ್ಕೆ ತಕ್ಕ ಬಂಡವಾಳ ಕೈಯಲ್ಲಿರಬೇಕು. ಬೇಡಿಕೆ ಬಂದಂತೆ ಒಂದೊಂದೇ ಪ್ರತಿ ತೆಗೆಯುವ ಡಿಜಿಟಲ್ ಮುದ್ರಣದಲ್ಲಿ ದಾಸ್ತಾನಿನ ಚಿಂತೆ ಇಲ್ಲ, ಆದರೆ ನೂರಾರು ಬಣ್ಣದ ಪುಟಗಳಿರುವ ಪುಸ್ತಕಕ್ಕೆ ಪ್ರತಿಯೊಂದರ ಖರ್ಚು ಮಾರಾಟ ಬೆಲೆಯನ್ನೇ ನುಂಗಿಬಿಡುತ್ತದೆ. ಬಿಡಿ ಕಾದಂಬರಿಗಳ ಲೇಖಕನಿಗೆ ಹಳೆಯ ಪುಸ್ತಕವೊಂದರ ಪ್ರತಿಗಳು ಮುಗಿದರೆ ಅಂಥ ನಷ್ಟವಿಲ್ಲ. ಸರಣಿಯ ಲೇಖಕನ ಪಾಡು ಬೇರೆ. 302ರಿಂದ 484ರವರೆಗಿನ ಕಂತುಗಳನ್ನು ಒಳಗೊಂಡ, ಟಾಲ್‌ಸ್ಟಾಯ್ ಕಾದಂಬರಿಯ ಹೆಸರನ್ನು ಅಣಕಿಸುವ ‘ವಾರ್ ಅಂಡ್ ಎಕ್ಸ್‌ಪೀಸ್’ ಎಂಬ ಮೂರನೆಯ ಸಂಪುಟ ಅಂಗಡಿಯಲ್ಲಿ ಇಲ್ಲದಿದ್ದರೆ ಎರಡನೆಯದನ್ನು ಓದಿ ಮುಗಿಸಿದವನು ನಾಲ್ಕನೆಯದಕ್ಕೆ ಕೈ ಹಾಕುವುದಿಲ್ಲ, ಮೊದಲನೆಯದನ್ನು ಕೊಳ್ಳಬೇಕೆಂದಿದ್ದವನೂ ಹಿಂಜರಿಯುತ್ತಾನೆ. ಒಂದು ಸಂಪುಟದ ಕೊರತೆ ಇಡೀ ಮಾಲೆಯ ಮಾರಾಟವನ್ನು ತಡೆಯುತ್ತದೆ, ಮಾರಾಟ ತಡೆದಾಗ ಆ ಸಂಪುಟವನ್ನು ಮರುಮುದ್ರಿಸಲು ಬೇಕಾದ ಹಣವೂ ಹುಟ್ಟುವುದಿಲ್ಲ. ಈ ಗಂಟನ್ನು ಬಿಡಿಸಲು ಓದುಗರ ಮುಂದೆ ಹೋಗುವುದೇ ದಾರಿಯಾಯಿತು.

ಅವರು ಆರಿಸಿಕೊಂಡ ವೇದಿಕೆ ನ್ಯೂಯಾರ್ಕ್‌ನಲ್ಲಿ 2009ರ ಏಪ್ರಿಲ್‌ನಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್. ಯೋಜನೆ ಹೂಡುವವರು ತಮಗೆ ಬೇಕಾದ ಮೊತ್ತವನ್ನೂ ಗಡುವನ್ನೂ ಮೊದಲೇ ಘೋಷಿಸಬೇಕು. ಗಡುವಿನೊಳಗೆ ಆ ಮೊತ್ತಕ್ಕೆ ತಕ್ಕಷ್ಟು ವಾಗ್ದಾನ ಬಂದರೆ ಮಾತ್ರ ಬೆಂಬಲಿಗರ ಕಾರ್ಡ್‌ನಿಂದ ಹಣ ಕಡಿತವಾಗುತ್ತದೆ, ಒಂದು ಡಾಲರ್ ಕಡಿಮೆಯಾದರೂ ಯಾರ ಹಣವೂ ಹೋಗುವುದಿಲ್ಲ, ಯೋಜನೆಗೂ ಏನೂ ದಕ್ಕುವುದಿಲ್ಲ. ಪೂರ್ತಿ ಸಿಗಬೇಕು ಇಲ್ಲವೇ ಏನೂ ಬೇಡ ಎಂಬ ಈ ನಿಯಮ ಕಠಿಣವೆಂದು ತೋರಿದರೂ ಪುಸ್ತಕ ಮುದ್ರಿಸುವವನಿಗೆ ಅದೇ ರಕ್ಷೆ. ಅರ್ಧ ಮೊತ್ತ ಕೈಗೆ ಬಂದರೆ ಅರ್ಧ ಪುಸ್ತಕ ಮುದ್ರಿಸಲಾಗದು, ಆದರೆ ಕೊಟ್ಟವರಿಗೆಲ್ಲ ಪುಸ್ತಕ ಕೊಡಬೇಕಾದ ಹೊಣೆ ಪೂರ್ತಿಯಾಗಿ ಕೊರಳಿಗೆ ಬೀಳುತ್ತದೆ. ಯಶಸ್ವಿಯಾದ ಯೋಜನೆಯ ಮೊತ್ತದಲ್ಲಿ ಶೇಕಡಾ 5ರಷ್ಟನ್ನು ವೇದಿಕೆ ತನ್ನ ಶುಲ್ಕವಾಗಿ ಇಟ್ಟುಕೊಳ್ಳುತ್ತದೆ. ಹಣ ಪಾವತಿಯ ವೆಚ್ಚ ಬೇರೆ. ಬೆಂಬಲಿಗರು ಷೇರುದಾರರಲ್ಲ, ಅವರಿಗೆ ಲಾಭದಲ್ಲಿ ಪಾಲಿಲ್ಲ. ಕೊಟ್ಟ ಮೊತ್ತಕ್ಕೆ ಅನುಗುಣವಾಗಿ ಮೊದಲೇ ಗೊತ್ತುಪಡಿಸಿದ ಪ್ರತಿಫಲ ಅವರಿಗೆ ಸೇರುತ್ತದೆ.

ಪುಸ್ತಕಕ್ಕೆ ಮುಂಗಡ ಕೂಡಿಸುವುದರಲ್ಲಿ ಹೊಸತೇನೂ ಇಲ್ಲ. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ 1715ರಿಂದ 1720ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ಇಲಿಯಡ್‌ನ ಅನುವಾದಕ್ಕೆ ಐದುನೂರಕ್ಕೂ ಹೆಚ್ಚು ಚಂದಾದಾರರನ್ನು ಮೊದಲೇ ಹೊಂದಿಸಿಕೊಂಡಿದ್ದರು. ಕನ್ನಡದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದು ಸ್ವಯಂಪ್ರಕಟಣೆಯ ಅತ್ಯಂತ ಶ್ರಮದ ರೂಪವಾದರೆ, 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಯೇ ಪುಸ್ತಕ ಪ್ರಕಟಿಸಿತು; ಪ್ರಕಟಣಪೂರ್ವ ರಿಯಾಯಿತಿ ಎಂಬ ಪ್ರಕಟಣೆಯಂತೂ ಕನ್ನಡ ಓದುಗರಿಗೆ ಚಿರಪರಿಚಿತ. ಹೊಸದಾಗಿ ಸೇರಿದ್ದು ಎರಡು ಮಾತ್ರ: ಎಷ್ಟು ಹಣ ಕೂಡಿದೆ, ಎಷ್ಟು ದಿನ ಉಳಿದಿದೆ ಎಂಬುದು ಎಲ್ಲರ ಕಣ್ಣಿಗೂ ಕ್ಷಣಕ್ಷಣಕ್ಕೂ ಕಾಣುವುದು, ಮತ್ತು ಗುರಿ ಮುಟ್ಟಿದ ಮೇಲೂ ಹಣ ಕೊಡುತ್ತಲೇ ಹೋಗಲು ಅವಕಾಶವಿರುವುದು.

ಈ ಎರಡನೆಯದೇ ಬರ್ಲ್ಯೂ ಅವರ ಅಭಿಯಾನವನ್ನು ಒಂದು ಮರುಮುದ್ರಣದಿಂದ ಬಹುದೂರ ಕೊಂಡೊಯ್ದಿತು. ಮೂರನೆಯ ಸಂಪುಟಕ್ಕೆ ಬೇಕಾದಷ್ಟು ಬೇಗನೆ ಕೂಡಿಬಿಟ್ಟಾಗ, ಇನ್ನಿಷ್ಟು ಬಂದರೆ ಪ್ರತಿ ಮುಗಿದಿರುವ ಮತ್ತೊಂದು ಪುಸ್ತಕವನ್ನೂ ಮುದ್ರಿಸುವುದಾಗಿ, ಅದಕ್ಕೂ ಮೀರಿದರೆ ಮಗದೊಂದನ್ನು ಎಂದು ಅವರು ಹೊಸ ಹೊಸ ಗುರಿಗಳನ್ನು ಸೇರಿಸುತ್ತ ಹೋದರು. ಫ್ರಿಜ್‌ಗೆ ಅಂಟಿಸುವ ಅಯಸ್ಕಾಂತದ ಬೊಂಬೆ, ಬಣ್ಣ ತುಂಬುವ ಪುಸ್ತಕ, ಹಸ್ತಾಕ್ಷರವಿರುವ ಪ್ರತಿ, ಇಂಥವು ಪ್ರತಿಫಲಗಳ ಪಟ್ಟಿಗೆ ಬಂದವು. ಹೆಚ್ಚಿನ ಮೊತ್ತ ಕೊಟ್ಟ ಕೆಲವರಿಗಾಗಿ ನಿರ್ದಿಷ್ಟ ಪಾತ್ರಗಳ ಬಗ್ಗೆ ಹೊಸ ಕಥೆಗಳನ್ನು ರಚಿಸಿ ಬೆಂಬಲಿಗರಿಗೆ ಹಂಚುವ ಮಾತೂ ಸೇರಿತು. ಒಟ್ಟು ಮೊತ್ತವನ್ನು ಬೆಂಬಲಿಗರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಸುಮಾರು 84 ಡಾಲರ್ ಬರುತ್ತದೆ, ಅದು ಒಂದೇ ಪುಸ್ತಕಕ್ಕೆ ಕೊಡುವ ಬೆಲೆಯಲ್ಲ. ಅಭಿಯಾನದ ಹೊತ್ತಿಗೆ ಎಂಟುನೂರಕ್ಕೂ ಹೆಚ್ಚು ಕಂತುಗಳು ಪ್ರಕಟವಾಗಿದ್ದವು. ಎಂಟು ವರ್ಷಗಳಿಗೂ ಹೆಚ್ಚು ಕಾಲ ಬಿಟ್ಟಿಯಾಗಿ ನಕ್ಕವರು ಅವಕಾಶ ಸಿಕ್ಕಾಗ ಬಾಕಿ ತೀರಿಸಿದರು ಎಂದೇ ಈ ಸರಾಸರಿಯನ್ನು ಓದಬೇಕಾಗುತ್ತದೆ. ಅದೇ ಫೆಬ್ರವರಿಯಲ್ಲಿ ಡಬಲ್ ಫೈನ್ ಎಂಬ ಸಂಸ್ಥೆಯ ವಿಡಿಯೊ ಗೇಮ್ ಯೋಜನೆಯೂ ಹತ್ತು ಲಕ್ಷ ಡಾಲರ್ ದಾಟಿದ್ದರಿಂದ ಇದೆಲ್ಲ ಕಿಕ್‌ಸ್ಟಾರ್ಟರ್‌ನ ಮಹಿಮೆ ಎಂದು ಬಗೆದವರಿದ್ದರು. ವೇದಿಕೆ ಒದಗಿಸಿದ್ದು ಹಣ ಎಣಿಸುವ ಗಲ್ಲಾಪೆಟ್ಟಿಗೆಯನ್ನು. ಗಿರಾಕಿಗಳು ಮೊದಲೇ ಇದ್ದರು.

ಪರದೆಯ ಮೇಲಿನ ಚಿತ್ರಕಥೆ ಪುಸ್ತಕದ ಪುಟವಾಗುವಾಗ ನಡೆಯುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲವಾದರೂ ಸ್ವಯಂಪ್ರಕಾಶಕನ ಸಮಯವನ್ನು ತಿನ್ನುವುದು ಅದೇ. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ, ಮುದ್ರಣ ಯಂತ್ರವಾದರೋ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳನ್ನು ಕಾಗದದ ಮೇಲೆ ಇಡುತ್ತದೆ. ಹೀಗಾಗಿ ಪರದೆಯಲ್ಲಿ ಮಿಂಚುವ ಹಸಿರು ಕಾಗದದಲ್ಲಿ ಮಂಕಾಗುತ್ತದೆ, ನೇರಳೆ ಕೆಸರಾಗುತ್ತದೆ. ಪರದೆಗೆ ಸಾಕಾಗುವ ಸಣ್ಣ ಚಿತ್ರವನ್ನು ಹಾಗೆಯೇ ಮುದ್ರಿಸಿದರೆ ಗೆರೆಗಳ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ, ಆದ್ದರಿಂದಲೇ ಮುದ್ರಣಾಲಯಗಳು ಅಂಗುಲಕ್ಕೆ 300 ಚುಕ್ಕೆಗಳಷ್ಟು ಸಾಂದ್ರತೆ ಬೇಕೆಂದು ಹೇಳುತ್ತವೆ. ಬರ್ಲ್ಯೂ ತಮ್ಮ ಬೊಂಬೆಗಳನ್ನು ಅಡೋಬಿ ಇಲಸ್ಟ್ರೇಟರ್ ತಂತ್ರಾಂಶದಲ್ಲಿ ಬರೆಯುತ್ತಿದ್ದುದು ಇಲ್ಲಿ ಉಪಕಾರಕ್ಕೆ ಬಂತು. ಆ ತಂತ್ರಾಂಶ ಗೆರೆಗಳನ್ನು ಚುಕ್ಕೆಗಳಾಗಿ ಅಲ್ಲದೆ ಗಣಿತದ ಲೆಕ್ಕದಲ್ಲಿ ದಾಖಲಿಸುವುದರಿಂದ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅಂಚು ಕೆಡುವುದಿಲ್ಲ. ಅಂತರ್ಜಾಲದ ಕಂತಿಗೆ ಉದ್ದದ ಮಿತಿಯಿಲ್ಲ, ಪುಸ್ತಕದ ಪುಟಕ್ಕೆ ಇದೆ, ಹಾಗಾಗಿ ಉದ್ದನೆಯ ಕಂತನ್ನು ಎಲ್ಲಿ ತುಂಡರಿಸಬೇಕೆಂಬುದು ಹಾಸ್ಯದ ಪ್ರಶ್ನೆಯೇ ಆಗಿಬಿಡುತ್ತದೆ. ನಗೆ ಉಕ್ಕಿಸುವ ಕೊನೆಯ ಚೌಕ ಬಲಗಡೆಯ ಪುಟದಲ್ಲಿ ಬಂದರೆ ಓದುಗನ ಕಣ್ಣು ಎಡಪುಟ ಓದುವಾಗಲೇ ಅತ್ತ ಜಾರಿ ಗುಟ್ಟು ರಟ್ಟಾಗುತ್ತದೆ. ಹಾಳೆ ಮಗುಚಿದ ಮೇಲೆ ಕಾಣುವಂತೆ ಜೋಡಿಸಿದರೆ ಅದೇ ನಗೆ ಇಮ್ಮಡಿಸುತ್ತದೆ. ಪುಸ್ತಕ ಹದಿನಾರು ಪುಟಗಳ ಫಾರಂಗಳಲ್ಲಿ ಅಚ್ಚಾಗುವುದರಿಂದ ಕೊನೆಯ ಫಾರಂನಲ್ಲಿ ಪುಟಗಳು ಖಾಲಿ ಉಳಿಯುವುದೂ ಸಾಮಾನ್ಯ, ಅಲ್ಲಿ ಹೊಸ ಕಂತೊಂದನ್ನೋ ಟಿಪ್ಪಣಿಯನ್ನೋ ಹಾಕಿದರೆ ಕಾಗದಕ್ಕೆ ಹೆಚ್ಚಿನ ಖರ್ಚಿಲ್ಲದೆ ಕೊಳ್ಳುವವನಿಗೆ ಲಾಭವಾಗುತ್ತದೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ಅಮೆರಿಕದಲ್ಲಿ ಹಣ ಕೊಟ್ಟು ಪಡೆಯಬೇಕು. ಭಾರತದಲ್ಲಿ ಅದು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ ಎಂಬುದು ಇಲ್ಲಿನ ಸ್ವಯಂಪ್ರಕಾಶಕರಿಗೆ ಒಂದು ಸಣ್ಣ ಸಮಾಧಾನ.

ಅಭಿಯಾನ ಮುಗಿದ ಮೇಲೆ ಬರುವ ಲೆಕ್ಕಾಚಾರ ಉತ್ಸಾಹವನ್ನು ಬೇಗ ಇಳಿಸುತ್ತದೆ. ಬರ್ಲ್ಯೂ ಅವರಿಗೆ ಬಂದ ಮೊತ್ತದಲ್ಲಿ ವೇದಿಕೆಯ ಶೇಕಡಾ 5ರ ಪಾಲೇ 62,000 ಡಾಲರ್ ದಾಟುತ್ತದೆ, ಅಂದರೆ ಅವರು ಮೂಲತಃ ಕೇಳಿದ್ದ ಇಡೀ ಮೊತ್ತಕ್ಕಿಂತ ಹೆಚ್ಚು. ಉಳಿದದ್ದರಲ್ಲಿ ಹಲವು ಪುಸ್ತಕಗಳ ಮುದ್ರಣ, ದಾಸ್ತಾನು, ಕಟ್ಟುವ ಪೆಟ್ಟಿಗೆ, ಅಂಚೆ ವೆಚ್ಚ ಎಲ್ಲವೂ ಆಗಬೇಕು. ಇವುಗಳಲ್ಲಿ ಅಂಚೆಯೇ ಹೆಚ್ಚು ಮೋಸದ್ದು: ಬಣ್ಣದ ಪುಸ್ತಕಕ್ಕೆ ಬಳಸುವ ನುಣುಪು ಕಾಗದ ತೂಕದ್ದು, ಅಮೆರಿಕದೊಳಗೆ ಪುಸ್ತಕಗಳಿಗೆಂದೇ ಅಗ್ಗದ ಅಂಚೆ ದರವಿದ್ದರೂ ಹೊರದೇಶಕ್ಕೆ ಕಳುಹಿಸುವಾಗ ಸಾಗಣೆಯ ಖರ್ಚು ಪುಸ್ತಕದ ಬೆಲೆಯನ್ನೇ ಮುಟ್ಟಬಲ್ಲದು. ಪ್ರತಿಫಲಗಳ ಬಗೆ ಹೆಚ್ಚಿದಷ್ಟೂ ಒಬ್ಬೊಬ್ಬ ಬೆಂಬಲಿಗನ ಕಟ್ಟೂ ಬೇರೆ ಬೇರೆಯಾಗುತ್ತದೆ. ಒಬ್ಬನಿಗೆ ಎರಡು ಪುಸ್ತಕ ಮತ್ತು ಅಯಸ್ಕಾಂತ, ಇನ್ನೊಬ್ಬನಿಗೆ ಐದು ಪುಸ್ತಕ ಮತ್ತು ಹಸ್ತಾಕ್ಷರ, ಮತ್ತೊಬ್ಬ ನಡುವೆ ಮನೆ ಬದಲಿಸಿದ್ದಾನೆ. ಹದಿನೈದು ಸಾವಿರ ವಿಳಾಸಗಳಿಗೆ ಹೀಗೆ ಕಟ್ಟು ಕಟ್ಟುವುದು ಚಿತ್ರಕಾರನ ವಿದ್ಯೆಯಲ್ಲ, ಗೋದಾಮಿನವರ ವಿದ್ಯೆ.

ಅದಕ್ಕಿಂತ ಕಠಿಣವಾದದ್ದು ಇನ್ನೂ ಹುಟ್ಟದ ಕೃತಿಯನ್ನು ಒಪ್ಪಿಸುವ ಹೊಣೆ. 2012ರ ಸೆಪ್ಟೆಂಬರ್‌ನಲ್ಲಿ ಬರ್ಲ್ಯೂ ಅವರ ಕೈಗೆ ತೀವ್ರ ಗಾಯವಾಗಿ ಚಿತ್ರಕಥೆಯೇ ಕೆಲಕಾಲ ನಿಂತುಹೋಯಿತು. ಮುದ್ರಣಾಲಯಕ್ಕೆ ಹೋಗಬೇಕಾದ ಹಳೆಯ ಸಂಪುಟಗಳಿಗೆ ಚಿತ್ರಕಾರನ ಕೈಯ ಅಗತ್ಯ ಅಷ್ಟಾಗಿ ಇರಲಿಲ್ಲ, ಬರೆಯಬೇಕಾಗಿದ್ದ ಹೊಸ ಕಥೆಗಳಿಗೆ ಇತ್ತು. ಇಲ್ಲಿಂದ ಹೊರಡುವ ಎಚ್ಚರಿಕೆ ಅವರೊಬ್ಬರಿಗೆ ಸಂಬಂಧಿಸಿದ್ದಲ್ಲ. ಹಾಸ್ಯವನ್ನು ಸಾಲದಂತೆ ಕಂತಿನಲ್ಲಿ ತೀರಿಸುವುದು ಯಾವ ಬರಹಗಾರನಿಗೂ ಸುಲಭವಲ್ಲ, ಮುದ್ರಣದ ವೆಚ್ಚಕ್ಕೆ ಹಣ ಪಡೆದವನು ಯಂತ್ರವನ್ನು ನೆಚ್ಚಬಹುದು, ಮುಂದೆ ಬರೆಯಲಿರುವ ನಗೆಗೆ ಹಣ ಪಡೆದವನು ತನ್ನ ಮನಃಸ್ಥಿತಿಯನ್ನೇ ನೆಚ್ಚಬೇಕು. 2012ರಲ್ಲೇ ಹಣ ಕೂಡಿಸಿದ್ದ ಬೇರೊಬ್ಬ ವೆಬ್‌ಕಾಮಿಕ್ ಕಲಾವಿದ, ಪುಸ್ತಕಗಳನ್ನು ಅಚ್ಚು ಹಾಕಿಸಿಯೂ ರವಾನೆಯ ವೆಚ್ಚ ಹೊಂದಿಸಲಾಗದೆ, ತಮ್ಮ ಪ್ರತಿ ಏನಾಯಿತೆಂದು ವಿಚಾರಿಸುವವರ ಸಂದೇಶಗಳಿಂದ ರೋಸಿಹೋಗಿ, 2014ರಲ್ಲಿ ನೂರಕ್ಕೂ ಹೆಚ್ಚು ಪ್ರತಿಗಳನ್ನು ಸುಟ್ಟು ಅದರ ವಿಡಿಯೊ ಪ್ರಕಟಿಸಿದ ಪ್ರಸಂಗವೂ ಇದೆ. ಆ ವರ್ತನೆಯನ್ನು ಸಮರ್ಥಿಸುವಂತಿಲ್ಲ. ಆದರೂ ಸಾವಿರಾರು ಧಣಿಗಳಿರುವ ಒಬ್ಬನೇ ಆಳಿನ ಪಾಡು ಎಂಥದೆಂಬುದು ಅದರಿಂದ ತಿಳಿಯುತ್ತದೆ.

ಹೊಸ ಕೃತಿಗೆ ಹಣ ಕೂಡಿಸುವುದು ಅಸಾಧ್ಯವೆಂದೇನೂ ಇಲ್ಲ. ಡೈನೊಸಾರ್‌ಗಳ ರಯಾನ್ ನಾರ್ತ್ ಅವರೇ 2012ರ ಕೊನೆಯಲ್ಲಿ, ಹ್ಯಾಮ್ಲೆಟ್ ಕಥೆಯನ್ನು ಓದುಗನೇ ತನಗೆ ಬೇಕಾದ ದಾರಿ ಆರಿಸಿಕೊಂಡು ನಡೆಸುವಂತೆ ಹಾಸ್ಯವಾಗಿ ಮರುಹೇಳುವ ಪುಸ್ತಕಕ್ಕೆ 20,000 ಡಾಲರ್ ಕೇಳಿ 5,80,000 ಡಾಲರಿಗೂ ಹೆಚ್ಚು ಪಡೆದರು. ಚಿತ್ರಗಳನ್ನು ಹಲವಾರು ಕಲಾವಿದರಿಗೆ ಹಂಚಿದ್ದರಿಂದ ಹೊರೆಯೂ ಹಂಚಿಹೋಯಿತು.

ಕನ್ನಡದಲ್ಲಿ ಹಾಸ್ಯಚಿತ್ರಕ್ಕೆ ಓದುಗರಿಲ್ಲ ಎನ್ನಲು ಆಧಾರವಿಲ್ಲ. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಕಾಲು ಶತಮಾನ ನಡೆಯಿತು, ಆರ್. ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳಿಗೆ ಅದರ ಪುಟಗಳಲ್ಲಿ ಜಾಗ ದೊರೆಯಿತು. ಜನರಿಂದ ಬಂಡವಾಳ ಕೂಡಿಸುವ ಪ್ರಯೋಗಕ್ಕೂ ಕನ್ನಡ ಹೊರತಲ್ಲ: ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ ಚಿತ್ರ 2013ರಲ್ಲಿ ತೆರೆ ಕಂಡದ್ದು ನೂರಕ್ಕೂ ಹೆಚ್ಚು ಜನ ಹಾಕಿದ ಹಣದಿಂದ. ಆದರೆ ಅಲ್ಲಿ ಹಣ ಹಾಕಿದವರು ಹೂಡಿಕೆದಾರರು. ಪುಸ್ತಕದ ಪ್ರತಿಯೊಂದನ್ನು ಪಡೆದು ತೃಪ್ತರಾಗುವ ಬೆಂಬಲಿಗರ ಮಾದರಿ ಬೇರೆ. ಆ ಮಾದರಿಯನ್ನು ಅನುಸರಿಸಬಯಸುವ ಕನ್ನಡ ಚಿತ್ರಕಾರನಿಗೆ ಐದುನೂರು ಪ್ರತಿಯ ಕಪ್ಪುಬಿಳುಪು ಪುಸ್ತಕ, ಒಂದೇ ಬಗೆಯ ಪ್ರತಿಫಲ, ಅಂಚೆ ವೆಚ್ಚ ಪ್ರತ್ಯೇಕ ಎಂಬ ಚಿಕ್ಕ ಲೆಕ್ಕ ಸಾಕು, ಅದಕ್ಕೆ ಮೊದಲು ಒಂದೆರಡು ವರ್ಷವಾದರೂ ವಾರಕ್ಕೊಮ್ಮೆ ತಪ್ಪದೆ ನಗಿಸಿರಬೇಕು.

ಬರ್ಲ್ಯೂ ತಾವು ಕೊಟ್ಟ ಮಾತಿನ ಕಥೆಗಳನ್ನು ಒಂದೊಂದಾಗಿ ಮುಗಿಸುತ್ತ ಬಂದರು. ಓ-ಚುಲ್ ಎಂಬ ಧರ್ಮನಿಷ್ಠ ಯೋಧನ ಮುಖಕ್ಕೆ ಗಾಯದ ಗುರುತು ಬಂದದ್ದು ಹೇಗೆ ಎಂಬ, ಅಭಿಯಾನದ ಪ್ರತಿಫಲವೆಂದು ಹೊರಟ ಕಥೆ ಹಿಗ್ಗುತ್ತ ಹೋಗಿ, 2018ರಲ್ಲಿ ಬಂದ ‘ಗುಡ್ ಡೀಡ್ಸ್ ಗಾನ್ ಅನ್‌ಪನಿಶ್ಡ್’ ಎಂಬ ಸಂಪುಟದ ಮುಖ್ಯ ಭಾಗವಾಯಿತು. ಆ ಹೊತ್ತಿಗೆ ಓದುಗರು ಹಣ ಕೊಟ್ಟು ಆರು ವರ್ಷಗಳಾಗಿದ್ದವು.